ಓಟೆಂಗ್ ಮೂಸಿ ನೋಡುತ್ತಿದ್ದ ಎಣ್ಣೆ

ಸುಟ್ಟ ಗೇರ್ ಆಯಿಲ್ ನಾತ ನಿಮಗೆ ಗೊತ್ತಿದೆಯೋ ಇಲ್ಲವೋ. ಸೀದ ಬ್ರೆಡ್ಡಿನ ವಾಸನೆ ನನಗೆ ಗೊತ್ತು, ದಿನಾ ಒಲೆಯ ಮುಂದೆ ನಿಲ್ಲುವವಳು ನಾನು. ಅದು ಮೂಗಿನವರೆಗೆ ಬಂದು ಹೋಗುತ್ತದೆ. ಗೇರ್ ಆಯಿಲ್ ಸುಟ್ಟರೆ ಆ ನಾತ ಗಂಟಲಿಗಿಳಿದು ಅಲ್ಲೇ ಕೂರುತ್ತದೆ, ಆಮೇಲೆ ಏನು ತಿಂದರೂ ಅದೇ ರುಚಿ. ನನ್ನ ಗಂಡನ ಮನೆಯವರ ವಿಷಯ ಹೇಳಬೇಕಾದರೆ ನಾನು ಈ ನಾತದಿಂದಲೇ ಶುರು ಮಾಡಬೇಕು.

ನನ್ನ ಹೆಸರು ಅಕ್ಯಾ. ಕುಮಾಸಿ ಪಟ್ಟಣದ ಟಾಫೋ ಬಡಾವಣೆಯಲ್ಲಿ ಮಣ್ಣಿನ ಒಲೆ ಇಟ್ಟುಕೊಂಡು ಸಕ್ಕರೆ ಬ್ರೆಡ್ಡು ಮಾಡುತ್ತೇನೆ. ಬೇಯಿಸುವುದು ನಾನು, ಬೆಳಗಾಗುತ್ತಲೇ ಅದನ್ನು ಕಾರಿಗೆ ತುಂಬಿ ಮಾಂಪಾಂಗ್ ರಸ್ತೆಯ ಊರೂರಿನ ಅಂಗಡಿಗೆ ಹಾಕಿ ಬರುವುದು ನನ್ನ ಗಂಡ ಓಟೆಂಗ್. ಕಾರು ಜಪಾನಿನಿಂದ ಬಂದ ಹಳೆಯ ಗಾಡಿ, ಬೂದು ಬಣ್ಣದ್ದು, ಆಟೋಮ್ಯಾಟಿಕ್ ಗೇರಿನದು. ಹಿಂದಿನ ಸೀಟು ಮಡಚಿ ಟ್ರೇಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಒಲೆ ಬ್ರೆಡ್ಡು ಪೂರ್ತಿ ಹಿಡಿಯುತ್ತಿತ್ತು. ನಮ್ಮಿಬ್ಬರು ಹೆಣ್ಣುಮಕ್ಕಳು ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿರುವುದು ಆ ಒಲೆಯಿಂದ ಮತ್ತು ಆ ಕಾರಿನಿಂದ.

ಅದರ ಗೇರ್‌ಬಾಕ್ಸಿಗೆ ಒಂದು ಸೋರುವ ರೋಗವಿತ್ತು. ರೇಡಿಯೇಟರಿಗೆ ಹೋಗುವ ಪೈಪಿನ ಬುಡದಲ್ಲಿ ಎಣ್ಣೆ ಒಸರುತ್ತಿತ್ತು. ಎಷ್ಟು ಸಲ ಬಿಗಿ ಮಾಡಿಸಿದರೂ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಓಟೆಂಗ್ ಆ ರೋಗಕ್ಕೆ ಒಗ್ಗಿಕೊಂಡ. "ಹೋದಷ್ಟು ಹಾಕ್ತಾ ಇದ್ರೆ ನಡೆಯುತ್ತೆ ಕಣೇ, ನಾವು ಇರೋದೂ ಹಾಗೇ ತಾನೇ," ಅನ್ನುತ್ತಿದ್ದ.

ಶನಿವಾರ ಬ್ರೆಡ್ಡು ಹಾಕಿ ವಾಪಸು ಬಂದವನೇ ಕಾರನ್ನು ಒಲೆಯ ಮುಂದಿನ ಸಿಮೆಂಟ್ ನೆಲದ ಮೇಲೆ ನಿಲ್ಲಿಸುತ್ತಿದ್ದ. ಇದಕ್ಕೆಂದೇ ಆ ಜಾಗವನ್ನು ಅವನು ಸಮ ಮಾಡಿಸಿದ್ದು. ಇಂಜಿನ್ ಆರಿಸುತ್ತಿರಲಿಲ್ಲ. ಬ್ರೇಕ್ ಮೇಲೆ ಕಾಲಿಟ್ಟು ಗೇರಿನ ಹಿಡಿಯನ್ನು ಒಂದೊಂದೇ ಮನೆಗೆ ಇಳಿಸಿ, ಅಲ್ಲಲ್ಲಿ ಒಂದು ಉಸಿರು ನಿಲ್ಲಿಸಿ, ತಿರುಗಿ ಪಾರ್ಕಿಂಗಿಗೆ ತರುತ್ತಿದ್ದ. ಎಣ್ಣೆ ಒಳಗಿನ ಸಂದುಗೊಂದಿಗೆಲ್ಲ ತುಂಬಿಕೊಳ್ಳಲಿ ಎಂದು. ಆಮೇಲೆ ಬಾನೆಟ್ ಎತ್ತಿ ಅಳತೆ ಕಡ್ಡಿ ಎಳೆಯುತ್ತಿದ್ದ. ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತುರುಕಿ, ಮತ್ತೆ ಎಳೆದು ನೋಡುತ್ತಿದ್ದ. ಒರೆಸುವ ಬಟ್ಟೆ ನಾನು ಕುದಿಸಿ ಒಣಗಿಸಿಟ್ಟ ಹಳೆಯ ಬಿಳಿ ಬನಿಯನ್ನೇ ಆಗಬೇಕು. ನೂಲು ಬಿಡುವ ಬಟ್ಟೆ ಮುಟ್ಟಿಸಿದರೆ ಬೈಯುತ್ತಿದ್ದ. ಒಂದು ಎಳೆ ಒಳಗೆ ಹೋದರೂ ಗೇರ್‌ಬಾಕ್ಸಿನ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವಂತೆ.

ಕಡ್ಡಿಯ ಮೇಲೆ ಕೆಳಗೊಂದು ಜೋಡಿ ಗೆರೆ, ಮೇಲೊಂದು ಜೋಡಿ ಗೆರೆ. ಕೆಳಗಿನದು ತಣ್ಣಗಿರುವಾಗಿನದು, ಮೇಲಿನದು ಓಡಿ ಬಂದು ಬಿಸಿಯಾದಾಗಿನದು. ಎಣ್ಣೆ ಮೇಲಿನ ಗೆರೆಗಳ ನಡುವೆ ನಿಲ್ಲಬೇಕು. ಕಡಿಮೆಯಿದ್ದರೆ ಆ ಕಡ್ಡಿಯ ತೂತಿಗೇ ಉದ್ದ ಕೊರಳಿನ ಆಲಿಕೆ ಇಟ್ಟು ಒಂದು ಗುಟುಕು ಹಾಕಿ, ಕಾದು, ಮತ್ತೆ ಕಡ್ಡಿ ಎಳೆದು, ಮತ್ತೆ ಒಂದು ಗುಟುಕು. ಮಗುವಿಗೆ ಔಷಧಿ ಕುಡಿಸಿದಂತೆ. ಹೆಚ್ಚಾದರೂ ಕೇಡು ಎನ್ನುತ್ತಿದ್ದ. ಕೊನೆಗೆ ಕಡ್ಡಿಯ ತುದಿ ಮೂಸಿ, ನನ್ನ ಮೂಗಿಗೂ ಹಿಡಿಯುತ್ತಿದ್ದ.

"ಏನನ್ನಿಸುತ್ತೆ?"

"ಎಣ್ಣೆ ಅನ್ನಿಸುತ್ತೆ."

"ಸುಟ್ಟಿದೆಯಾ?"

"ಇಲ್ಲ ಮಾರಾಯಾ, ತೆಗಿ ಅತ್ಲಾಗೆ."

"ಹಾಗಾದ್ರೆ ಬ್ರೆಡ್ಡು ಸೋಮವಾರ ಊರು ತಲುಪುತ್ತೆ," ಅನ್ನುತ್ತಿದ್ದ. ಕೆಂಪಗೆ ತಿಳಿಯಾಗಿರುತ್ತಿತ್ತು ಆ ಎಣ್ಣೆ, ತಾಳೆ ಎಣ್ಣೆ ಕಾಯಿಸಿ ಸೋಸಿದ ಹಾಗೆ. ಎಷ್ಟು ವರ್ಷ ಅದನ್ನು ಮೂಸಿದೆನೋ, ಒಂದು ದಿನವೂ ಅದರಲ್ಲಿ ಸುಟ್ಟ ವಾಸನೆ ಇರಲಿಲ್ಲ.

ಓಟೆಂಗ್ ಹೋದದ್ದು ಧೂಳುಗಾಳಿಯ ಕಾಲದಲ್ಲಿ. ಟ್ರೇ ಎತ್ತುತ್ತಿದ್ದವನು ಅಲ್ಲೇ ಕುಸಿದು ಕುಳಿತ, ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ನಮ್ಮದು ಅಳಿಯಕಟ್ಟು. ಗಂಡಸು ಸತ್ತರೆ ಅವನದೆಲ್ಲ ಅವನ ತಾಯಿಯ ಕುಲಕ್ಕೆ, ಅಂದರೆ ಅಕ್ಕನ ಮಗನಿಗೆ. ಸರ್ಕಾರದ ಕಾನೂನು ಹಾಗೆ ಹೇಳುವುದಿಲ್ಲ, ಹೆಂಡತಿ ಮಕ್ಕಳಿಗೆ ಸೇರಬೇಕು ಎನ್ನುತ್ತದೆ. ಅದು ಎಲ್ಲರಿಗೂ ಗೊತ್ತು. ಸಾವಿನ ಮನೆಯಲ್ಲಿ ಕೂತು ಕಾನೂನು ಮಾತಾಡುವ ವಿಧವೆಯನ್ನು ಜನ ಏನನ್ನುತ್ತಾರೆ ಎನ್ನುವುದೂ ಎಲ್ಲರಿಗೂ ಗೊತ್ತು. ಕಾರಿನ ಆಸೆಗೆ ಗಂಡನನ್ನು ಮುಗಿಸಿದಳು ಅನ್ನುತ್ತಾರೆ. ನನ್ನ ಹೆಣ್ಣುಮಕ್ಕಳು ಆ ಮಾತು ಕೇಳಿಸಿಕೊಂಡು ಬೆಳೆಯುವುದು ನನಗೆ ಬೇಕಿರಲಿಲ್ಲ.

ಮಣ್ಣು ಮಾಡಿ ಇನ್ನೂ ವಾರ ಕಳೆದಿರಲಿಲ್ಲ, ಬಂದರು. ಕುಲದ ಹಿರಿಯ ಎನ್‌ಸಿಯಾ ಅಜ್ಜ, ಎರಡೂ ಕಣ್ಣಿಗೆ ಪೊರೆ ಬಂದವರು. ಓಟೆಂಗನ ಅಕ್ಕ ಸೆರ್ವಾ. ಅವಳ ಮಗ ದಬಾಂಕಾ, ಪೇಟೆಯಲ್ಲಿ ಮೊಬೈಲ್ ಕವರು ಮಾರುವವನು. ದಬಾಂಕಾ ಮೈಮೇಲೆ ನನ್ನ ಗಂಡನ ಕೈನೇಯ್ಗೆಯ ನಿಲುವಂಗಿ. ನೀಲಿ ಬಿಳಿ ಪಟ್ಟೆಯದು, ಹಬ್ಬಕ್ಕೆ ಮಾತ್ರ ಹಾಕುತ್ತಿದ್ದದ್ದು. ನಾನು ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ನಿಂತಿದ್ದಾಗ ಸೆರ್ವಾ ಮನೆಗೆ ಬಂದು ಪೆಟ್ಟಿಗೆ ತೆಗೆದು ಆರಿಸಿಕೊಂಡು ಹೋಗಿದ್ದಳು.

ಜೊತೆಗೆ ಹಸಿರು ಚೌಕ ಬಾಟಲಿಯ ಜಿನ್ ತಂದಿದ್ದರು. ಅದಿಲ್ಲದೆ ನಮ್ಮಲ್ಲಿ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಅಜ್ಜ ಸತ್ತ ಹಿರಿಯರಿಗೆಂದು ನೆಲಕ್ಕೆ ನಾಲ್ಕು ಹನಿ ಎರೆದರು, ಉಳಿದದ್ದನ್ನು ಬಂದವರೇ ಕುಡಿದು ಮುಗಿಸಿದರು. ನನ್ನ ಮನೆಯ ಲೋಟದಲ್ಲಿ, ನನ್ನ ಬ್ರೆಡ್ಡು ಅದ್ದಿಕೊಂಡು.

"ಅಕ್ಯಾ, ಮಗಳೇ," ಅಂದರು ಅಜ್ಜ, "ಓಟೆಂಗ್ ಕೈಲಿದ್ದದ್ದು ಓಟೆಂಗನ ಕುಲಕ್ಕೆ ಬರ್ಬೇಕು. ಇದು ನಾನು ಮಾಡಿದ ಕಟ್ಟಳೆ ಅಲ್ಲ."

"ಅಜ್ಜಾ, ಆ ಕಾರು ಈ ಒಲೆಯಿಂದ ಹುಟ್ಟಿದ್ದು. ಅದಿಲ್ದೆ ನನ್ನ ಬ್ರೆಡ್ಡು ಹೇಗೆ ಹೋಗ್ಬೇಕು?"

"ತಲೆ ಮೇಲೆ ಹೊತ್ಕೊಂಡು ಹೋಗು," ಅಂದಳು ಸೆರ್ವಾ. "ನಮ್ಮಮ್ಮ ಮೆಕ್ಕೆಜೋಳದ ಕೆಂಕೆ ಉಂಡೆ ಹೊತ್ತು ಮಾರಿ ನಮ್ಮನ್ನ ಸಾಕಿದ್ದು. ಕಾರಿಲ್ಲ ಅಂತ ಯಾರೂ ಸತ್ತಿಲ್ಲ."

"ಕಾರಿದ್ದೋರೂ ಸಾಯ್ತಾರೆ ಅತ್ತಿಗೆ. ನೀವೇ ನೋಡಿದ್ರಲ್ಲ ಮೊನ್ನೆ."

ಅವಳು ತುಟಿ ತಿರುಚಿ ಹಲ್ಲಿನ ಸಂದಿಯಲ್ಲಿ ಚ್ಚ್ ಎಂದಳು. ದಬಾಂಕಾ ಮಾತ್ರ ಹಲ್ಲು ಕಿರಿದುಕೊಂಡು ಕೈ ಚಾಚಿದ.

"ಹೆಂಡ್ತೀ, ಕೀ ಕೊಡು."

ಸೋದರಮಾವನ ಹೆಂಡತಿಯನ್ನು ಅಳಿಯ ತಮಾಷೆಗೆ ಹಾಗೆ ಕರೆಯುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಓಟೆಂಗ್ ಇದ್ದಾಗ ಈ ಹುಡುಗ "ಹೆಂಡ್ತೀ, ಹೊಟ್ಟೆ ಹಸಿದಿದೆ" ಎಂದು ಬಂದರೆ ನಾನೂ ನಗುತ್ತಾ ಬ್ರೆಡ್ಡಿನ ತುದಿ ಮುರಿದು ಕೊಡುತ್ತಿದ್ದೆ. ಗಂಡ ಮಣ್ಣಿಗೆ ಹೋದ ಮೇಲೆ, ಅವನದೇ ಅಂಗಿ ತೊಟ್ಟುಕೊಂಡು ಅದೇ ಮಾತು ಹೇಳಿದಾಗ ನನ್ನ ಮೈಮೇಲೆ ಹುಳು ಹರಿದಂತಾಯಿತು. ಥೂ. ಅವನ ಅಮ್ಮ ನಗುತ್ತಿದ್ದಳು.

ಕೀ ಕೊಟ್ಟೆ. ಕೊಟ್ಟು, ಸುಮ್ಮನಿರಲು ಆಗದೆ ಹೇಳಿದೆ. ಕಾರು ನನ್ನ ಕೈ ಬಿಟ್ಟರೂ ಅದು ಓಟೆಂಗ್ ಜೋಪಾನ ಮಾಡಿದ ಕಾರು.

"ಗೇರ್ ಆಯಿಲ್ ಸೋರುತ್ತೆ. ವಾರ ವಾರ ನೋಡಿ ಹಾಕ್ಬೇಕು. ಓಡಿಸಿ ಬಿಸಿಯಾದ್ಮೇಲೆ, ಸಮ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆನ್ ಇಟ್ಟೇ ಕಡ್ಡಿ ನೋಡೋದು."

"ಇಂಜಿನ್ ಆನ್ ಇಟ್ಟಾ?" ದಬಾಂಕಾ ಅಜ್ಜನ ಕಡೆ ತಿರುಗಿದ. "ಕೇಳಿದ್ರಾ ಅಜ್ಜಾ? ಗಾಡಿ ಆಯಿಲ್ ನೋಡೋದು ಆಫ್ ಮಾಡಿ ಅಂತ ಇಡೀ ಕುಮಾಸಿಗೆ ಗೊತ್ತು. ಹೆಂಡ್ತೀ, ನೀನು ಹಿಟ್ಟು ನಾದ್ಕೊಂಡಿರು."

"ಅದು ಇಂಜಿನ್ ಆಯಿಲ್ಲು. ಇದು ಬೇರೆ. ಇಂಜಿನ್ ನಿಂತ್ರೆ ಇದು ಮೇಲಿಂದ ಕೆಳಗಿಳಿದು ತಳದಲ್ಲಿ ಕೂರುತ್ತೆ, ಕಡ್ಡಿಲಿ ಜಾಸ್ತಿ ತೋರಿಸುತ್ತೆ."

"ಈಗ್ಲೇ ನೋಡೇ ಬಿಡೋಣ," ಅಂದ ಅವನು.

ಓಟೆಂಗ್ ಸತ್ತಾಗಿನಿಂದ ಯಾರೂ ಚಾಲೂ ಮಾಡದೆ ತಣ್ಣಗೆ ನಿಂತಿದ್ದ ಕಾರು. ಅವನು ಬಾನೆಟ್ ಎತ್ತಿ ಕಡ್ಡಿ ಎಳೆದ. ಒರೆಸಲು ಅತ್ತ ಇತ್ತ ನೋಡಿದ. ಕುದಿಸಿಟ್ಟ ಬಿಳಿ ಬಟ್ಟೆ ಒಲೆಯ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಮೈಮೇಲಿದ್ದ ಅಂಗಿಯ ಅಂಚು ಹಿಡಿದು, ನನ್ನ ಗಂಡನ ಹಬ್ಬದ ಅಂಗಿಯ ಅಂಚು ಹಿಡಿದು, ಕಡ್ಡಿ ಒರೆಸಿದ. ಹತ್ತಿಯ ದಪ್ಪ ನೇಯ್ಗೆ, ಎಳೆ ಎಳೆ ಬಿಡುವಂಥದ್ದು. ಕಡ್ಡಿ ಒಳಗೆ ಹಾಕಿ ಎಳೆದ. ಎಣ್ಣೆ ಮೇಲಿನ ಗೆರೆಗಳನ್ನೂ ದಾಟಿ ಬೆರಳುದ್ದ ಮೇಲಿತ್ತು.

"ನೋಡಿ! ತುಂಬಿ ತುಳುಕ್ತಿದೆ! ಇಷ್ಟಿದ್ರೂ ಇನ್ನೂ ಹಾಕು ಅಂತಾಳೆ. ಗಾಡಿ ಕೆಟ್ಟು ನಾಶ ಆಗ್ಲಿ ಅಂತ ತಾನೇ ನಿನ್ನ ಆಸೆ?"

"ಚಾಲೂ ಮಾಡಿ ನೋಡೋ. ಒಂದೇ ಒಂದು ಸಲ ಚಾಲೂ ಮಾಡಿ ನೋಡು."

ಯಾರೂ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಎಲ್ಲಿಂದಲೋ ಒಂದು ಸಣ್ಣ ಪೈಪು ತಂದು, ಕಡ್ಡಿಯ ತೂತಿಗೆ ಇಳಿಸಿ, ಇನ್ನೊಂದು ತುದಿ ಬಾಯಲ್ಲಿಟ್ಟು ಎಳೆದ. ಎಣ್ಣೆ ಬಾಯಿಗೇ ಬಂತು. ಕ್ಯಾಕರಿಸಿ ಪಕ್ಕಕ್ಕೆ ಉಗಿದ. ಪಕ್ಕದಲ್ಲಿದ್ದದ್ದು ನನ್ನ ಒಲೆ. ಬ್ರೆಡ್ಡು ತೆಗೆಯುವ ಬಾಯಿಯ ಕೆಳಗೆ, ದಿನಾ ನಾನು ಮಣ್ಣು ಸಾರಿಸುವ ಕಡೆ, ಕೆಂಪು ಉಗುಳು ಇಳಿಯಿತು. ಪೈಪಿನಿಂದ ಎಣ್ಣೆ ನೀರಿನ ಬಾಟಲಿಗೆ ಸುರಿಯುತ್ತಿತ್ತು, ಅವನು ಇನ್ನೂ ಉಗಿಯುತ್ತಿದ್ದ, ಸೆರ್ವಾ ಅವನ ಬೆನ್ನು ತಟ್ಟಿ "ಪಾಪ ನನ್ನ ಮಗ" ಅನ್ನುತ್ತಿದ್ದಳು. ಸಾವಿನ ದುಃಖಕ್ಕೆ ಬಾರದ ವಾಂತಿ ಆಗ ಬಂತು, ಹಿತ್ತಲಿಗೆ ಹೋಗಿ ಮಾಡಿಕೊಂಡೆ.

ತಿರುಗಿ ಬರುವಷ್ಟರಲ್ಲಿ ಕಾರು ಹೋಗಿತ್ತು. ಸಿಮೆಂಟ್ ನೆಲದ ಮೇಲೆ ಖಾಲಿ ಜಿನ್ ಬಾಟಲಿ ಉರುಳಿತ್ತು.

ಆಮೇಲೆ ನನ್ನ ಬ್ರೆಡ್ಡು ಜನ, ಸಾಮಾನು ಒಟ್ಟಿಗೆ ತುಂಬುವ ಟ್ರೋಟ್ರೋ ಬಾಡಿಗೆ ವ್ಯಾನಿನಲ್ಲಿ ಹೋಗತೊಡಗಿತು. ಟ್ರೇ ಮೇಲೆ ಗೆಣಸಿನ ಮೂಟೆ, ಮೂಟೆ ಮೇಲೆ ಕೋಳಿ. ಅಂಗಡಿ ತಲುಪುವಾಗ ಅರ್ಧ ಬ್ರೆಡ್ಡು ಅಪ್ಪಚ್ಚಿ. ವ್ಯಾನಿನ ಕಿಟಕಿಯಿಂದ ನಮ್ಮ ಕಾರು ಆಗಾಗ ಕಾಣಿಸುತ್ತಿತ್ತು. ದಬಾಂಕಾ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದ, ಹಾರನ್ನು ಬದಲಾಯಿಸಿದ್ದ. ವಾರ ವಾರ ಯಾರದೋ ಸಾವಿನ ಊಟಕ್ಕೆ ಅಮ್ಮನನ್ನೂ ಅವಳ ಗೆಳತಿಯರನ್ನೂ ತುಂಬಿಕೊಂಡು ಹೋಗುತ್ತಿದ್ದ. ಒಮ್ಮೆ ನಮ್ಮ ವ್ಯಾನಿನ ಪಕ್ಕದಲ್ಲೇ ನಿಂತಿತ್ತು. ಸಿಗ್ನಲ್ ಬಿಟ್ಟಾಗ ಇಂಜಿನ್ ಭರ್ರೆಂದು ಏರಿತು, ಕಾರು ಒಂದು ಕ್ಷಣ ತಡೆದು ಆಮೇಲೆ ಜಗ್ಗಿಕೊಂಡು ಹೊರಟಿತು. ಒಳಗೆ ಎಣ್ಣೆ ಇಲ್ಲ. ಗೇರು ಹಿಡಿಯುತ್ತಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ "ಎಣ್ಣೆ ನೋಡೋ, ಎಣ್ಣೆ!" ಎಂದು ಕೂಗಿದೆ. ಕಪ್ಪು ಗಾಜು ಇಳಿಯಲಿಲ್ಲ.

ಮಳೆ ಹಿಡಿಯುವ ಮೊದಲೇ ಸುದ್ದಿ ಬಂತು. ತಂದವಳು ಜಮಾಸಿ ಊರಿನಲ್ಲಿ ನನ್ನ ಬ್ರೆಡ್ಡು ತೆಗೆದುಕೊಳ್ಳುವ ಅಂಗಡಿಯವಳು.

"ಅಕ್ಯಾ, ಕೇಳಿದ್ಯಾ? ಮಾಂಪಾಂಗ್ ಏರಲ್ಲಿ ನಿನ್ನ ಗಂಡ ಕಾರು ಹಿಡ್ಕೊಂಡನಂತೆ!"

"ಏನು ಹಿಡ್ಕೊಂಡ?"

"ಕಾರು ಕಣೇ! ದಬಾಂಕಾ ಒತ್ತೇ ಒತ್ತಿದ್ನಂತೆ, ಇಂಜಿನ್ ಬೊಬ್ಬೆ ಹೊಡೆಯುತ್ತೆ, ಗಾಡಿ ಕದಲಲ್ಲ. ಹಿಂದಿಂದ ಯಾರೋ ಎಳೆದು ಹಿಡಿದ ಹಾಗೆ. ಸೆರ್ವಾ ರಸ್ತೆ ಮಧ್ಯೆ ಕೂತು 'ಓಟೆಂಗ್, ತಮ್ಮಾ, ಕೈ ಬಿಡೋ' ಅಂತ ಅತ್ತಳಂತೆ. ಏನೋ ಸುಟ್ಟ ವಾಸನೆ ಬೇರೆ. ಸತ್ತೋರ ಲೋಕದ ವಾಸನೆ ಅಂತಿದಾರೆ."

ನಾನು ಮೊದಲು ನಕ್ಕೆ. ಕರಿಬಟ್ಟೆ ಉಟ್ಟ ದಪ್ಪ ಹೆಂಗಸರು ಏದುಸಿರು ಬಿಡುತ್ತಾ ಆ ಏರನ್ನು ನಡೆದೇ ಹತ್ತಿರಬೇಕೆಂದು ನೆನೆದು ಚೆನ್ನಾಗಿಯೇ ನಕ್ಕೆ. ಆಮೇಲೆ ಅಸಹ್ಯ ಹುಟ್ಟಿತು. ಬದುಕಿದ್ದಷ್ಟು ದಿನ ಆ ಮನುಷ್ಯ ಯಾರ ದಾರಿಗೂ ಅಡ್ಡ ಬಂದವನಲ್ಲ. ಇವರು ಎಣ್ಣೆ ಹೀರಿ ಉಗಿದು, ಆಮೇಲೆ ಒಂದು ದಿನವೂ ಬಾನೆಟ್ ಎತ್ತದೆ, ಅಳತೆ ಕಡ್ಡಿ ನೋಡದ ತಮ್ಮ ತಪ್ಪನ್ನು ಸತ್ತವನ ತಲೆಗೆ ಕಟ್ಟಿದರು. ಅಳಿಯನ ಕಾರಿಗೆ ಜೋತು ಬಿದ್ದ ಪ್ರೇತ ಮಾಡಿದರು ಅವನನ್ನು.

ಪ್ರೇತವಿರುವ ಕಾರನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂದು ಗುರುವಾರ ಸಂಜೆ ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಅಜ್ಜನೂ ಬಂದಿದ್ದರು, ಸೆರ್ವಾ ಬಂದಿದ್ದಳು, ಅಕ್ಕಪಕ್ಕದವರೆಲ್ಲ ಬೇಲಿಗೆ ನಿಂತಿದ್ದರು. ದಬಾಂಕಾ ಅದೇ ಅಂಗಿಯಲ್ಲಿ ಲಾರಿಯ ಹಿಂದೆ ನಿಂತು ಮೊಬೈಲ್ ನೋಡುತ್ತಿದ್ದ. ಅಂಗಿಯ ಅಂಚಿನಲ್ಲಿ ಎಣ್ಣೆಯ ಕಲೆ ಕಪ್ಪಾಗಿತ್ತು.

ಅಜ್ಜ ಕೋಲೂರಿ ನಿಂತು ಭಾಷಣ ಮಾಡಿದರು. "ಅಕ್ಯಾ, ಕುಲ ಕೂತು ಯೋಚಿಸ್ತು. ವಿಧವೆ ಕೈ ಬರಿದಾಗಬಾರ್ದು. ಓಟೆಂಗನ ಮನಸ್ಸೂ ಅದೇ ಅಂತ ಅವನೇ ದಾರಿಲಿ ತಿಳಿಸಿದಾನೆ. ಕಾರು ನಿನ್ನದು. ಕುಲ ಸಂತೋಷದಿಂದ ಕೊಡ್ತಿದೆ."

ಬೇಲಿಯಾಚೆ ಯಾರೋ ಚಪ್ಪಾಳೆ ತಟ್ಟಿದರು. ಸೆರ್ವಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಾಯಲ್ಲಿ ಏನೂ ಬರ್ತಿಲ್ವಲ್ಲ? ಕಾರು ಕೊಟ್ಟಿದೀವಿ ಕಣೇ. ನಾಳೆ ಬೆಳಿಗ್ಗೆ ಅಜ್ಜನ ಮನೆಗೆ ಬಂದು ಉಪಕಾರ ಹೇಳೋದು ಮರಿಬೇಡ. ಬರಿಗೈಲಿ ಬರ್ಬೇಡ ಮತ್ತೆ."

ಕೊಟ್ಟವರ ಮನೆಗೆ ಮರುದಿನ ಬೆಳಿಗ್ಗೆ ಬಾಟಲಿ ಹಿಡಿದು ಹೋಗಿ ಉಪಕಾರ ಹೇಳಬೇಕು. ಅದು ನಮ್ಮ ಪದ್ಧತಿ, ಒಳ್ಳೆಯ ಪದ್ಧತಿಯೇ. ಕಾರು ಕಿತ್ತುಕೊಂಡು, ಕೊಂದು, ಅದರ ಹೆಣ ತಂದು ಹಾಕಿದವರಿಗೂ ಅದು ಸಲ್ಲಬೇಕೆಂದು ಅವಳು ನನ್ನ ಅಂಗಳದಲ್ಲೇ ನಿಂತು ಕೇಳಿದಳು. "ಬರ್ತೀನಿ ಅತ್ತಿಗೆ, ಬಾಟಲಿ ತಂದೇ ತರ್ತೀನಿ," ಅಂದೆ.

ಅವರು ಹೋದ ಮೇಲೆ ಕಾರನ್ನು ಸಿಮೆಂಟ್ ನೆಲಕ್ಕೆ ನೂಕಿಸಿದೆ. ಚಾಲೂ ಮಾಡಿದೆ. ಪಾಪದ ಇಂಜಿನ್, ತಕ್ಷಣ ಹೊತ್ತಿಕೊಂಡಿತು. ಬಿಸಿಯಾಗುವವರೆಗೂ ಬಿಟ್ಟೆ. ಬ್ರೇಕ್ ಮೇಲೆ ಕಾಲಿಟ್ಟು ಹಿಡಿಯನ್ನು ಒಂದೊಂದೇ ಮನೆಗೆ ಇಳಿಸಿದೆ. ಹಿಂದೆಲ್ಲ ಪ್ರತಿ ಮನೆಗೂ ಕಾರು ಒಂದು ಸಣ್ಣ ತಳ್ಳು ಕೊಡುತ್ತಿತ್ತು, ಎಚ್ಚರವಾಗಿದ್ದೇನೆ ಅನ್ನುವ ಹಾಗೆ. ಈಗ ಏನೂ ಇಲ್ಲ. ಮೊಳೆಯಲ್ಲಿದ್ದ ಬಿಳಿ ಬಟ್ಟೆ ತಂದು ಕಡ್ಡಿ ಎಳೆದೆ.

ತುದಿಯಲ್ಲಿ ಮಾತ್ರ ಒಂದು ಹನಿ, ಟಾರಿನ ಹಾಗೆ ಕಪ್ಪು. ಬೆರಳಿನ ನಡುವೆ ಉಜ್ಜಿದರೆ ಮರಳು ಮರಳು. ಮೂಸಿದೆ. ಎಷ್ಟೋ ವರ್ಷ "ಇಲ್ಲ ಮಾರಾಯಾ" ಎಂದು ಹೇಳಿದ್ದ ಮೂಗಿಗೆ ಕೊನೆಗೂ ಆ ನಾತ ಬಡಿಯಿತು. ಕೂದಲು, ಕೊಂಬು, ಕೊಳೆತ ಮೀನು, ಎಲ್ಲ ಒಟ್ಟಿಗೆ ಸುಟ್ಟಂತೆ.

ಆದರೂ ಬಿಡಲಿಲ್ಲ. ಒಲೆಯ ಅಟ್ಟದ ಮೇಲೆ ಓಟೆಂಗ್ ಇಟ್ಟಿದ್ದ ಎಣ್ಣೆಯ ಡಬ್ಬ ಇತ್ತು, ಆಲಿಕೆ ಇತ್ತು. ಒಂದು ಗುಟುಕು ಹಾಕಿದೆ, ಕಾದೆ, ಕಡ್ಡಿ ನೋಡಿದೆ. ಮತ್ತೊಂದು ಗುಟುಕು. ಆ ಗೇರ್‌ಬಾಕ್ಸು ಕುಡಿಯುತ್ತಲೇ ಇತ್ತು. ಡಬ್ಬ ಬರಿದಾಗುವ ಹೊತ್ತಿಗೆ ಎಣ್ಣೆ ಮೇಲಿನ ಗೆರೆಗೆ ಬಂತು. ಸೀಟಿನಲ್ಲಿ ಕೂತು, ಓಟೆಂಗನ ಹೆಸರು ಹೇಳಿ, ಹಿಡಿ ಇಳಿಸಿದೆ. ಕಾರು ಒಂದು ಸಲ ಮೈ ಕೊಡವಿತು. ಒಂದೇ ಒಂದು ಗೇಣು ಮುಂದೆ ಬಂತು. ನನ್ನ ಬಾಯಿಂದ "ಬಂತು!" ಎಂದು ಹೊರಟೇಬಿಟ್ಟಿತು. ಅಲ್ಲಿಗೆ ಮುಗಿಯಿತು. ಎಷ್ಟು ಒತ್ತಿದರೂ ಇಂಜಿನ್ ಕೂಗಿತೇ ಹೊರತು ಚಕ್ರ ಅಲ್ಲಾಡಲಿಲ್ಲ. ಕಡ್ಡಿ ಎಳೆದು ನೋಡಿದರೆ ಹೊಸ ಎಣ್ಣೆಯೂ ಕಪ್ಪಾಗಿತ್ತು.

ಸ್ಟೀರಿಂಗಿಗೆ ಹಣೆ ಒತ್ತಿ ಅತ್ತೆ. ಅತ್ತು ಮುಗಿದ ಮೇಲೆ ಸೆರ್ವಾಳ ಮಾತು ನೆನಪಾಯಿತು, ಬರಿಗೈಲಿ ಬರ್ಬೇಡ. ಕಾರು ಆರುವವರೆಗೆ ಕಾದು, ಅದರ ಕೆಳಗೆ ತೆವಳಿ, ತಳದ ನಟ್ಟು ಬಿಚ್ಚಿ ಹಳೆಯ ಬಾಣಲೆ ಇಟ್ಟೆ. ಕೀ ಕೇಳಲು ಬಂದ ದಿನ ಇವರು ಕುಡಿದು ಉರುಳಿಸಿ ಹೋಗಿದ್ದ ಹಸಿರು ಬಾಟಲಿಯನ್ನು ನಾನು ತೊಳೆದು ಇಟ್ಟುಕೊಂಡಿದ್ದೆ, ವೆನಿಲ್ಲಾ ನೀರು ಹಾಕಿಡಲು. ಅದೇ ಬಾಟಲಿ ತುಂಬಿಸಿ ಮುಚ್ಚಳ ಬಿಗಿದೆ.

ಬೆಳಿಗ್ಗೆ ಕರಿಬಟ್ಟೆ ಉಟ್ಟು ಅಜ್ಜನ ಅಂಗಳಕ್ಕೆ ಹೋದೆ. ಕುಲದವರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ಕುಡಿಯಲು ಲೋಟಗಳನ್ನು ಸಾಲಾಗಿ ಇಟ್ಟಾಗಿತ್ತು, ಅದನ್ನು ನೋಡಿಯೇ ನನಗೆ ಹೇಸಿಗೆಯಾಯಿತು. ಕೈ ಕುಲುಕುತ್ತಾ ಬಲಗಡೆಯಿಂದ ಸುತ್ತಿ ಬಂದೆ. ದಬಾಂಕಾ ಕೈ ಬಿಡುವಾಗ ಮೆಲ್ಲಗೆ "ಸಿಟ್ಟು ಇಳೀತಾ ಹೆಂಡ್ತೀ?" ಅಂದ.

"ಅಜ್ಜಾ," ಅಂದೆ, "ನನಗೆ ಏನು ಕೊಟ್ರೋ ಅದಕ್ಕೆ ತಕ್ಕ ಉಪಕಾರ ಹೇಳೋಕೆ ಬಂದಿದೀನಿ. ನಿಮ್ಮ ಬಾಟಲಿ ನಿಮಗೇ ತಂದಿದೀನಿ."

"ಒಳ್ಳೇ ಹೆಣ್ಣು," ಅಂದರು ಅಜ್ಜ ಎಲ್ಲರಿಗೂ ಕೇಳುವಂತೆ. ಬಾಟಲಿಯನ್ನು ಕೈಯಲ್ಲಿ ತೂಗಿ ನೋಡಿದರು. ಪೊರೆ ಬಂದ ಕಣ್ಣಿಗೆ ಹಸಿರು ಗಾಜು ಕಂಡಿತು, ಸಾಕಾಯಿತು. ಚಪ್ಪಲಿಯಿಂದ ಕಾಲು ಹೊರತೆಗೆದರು. ಹೆಗಲ ಮೇಲಿನ ಬಟ್ಟೆ ಇಳಿಸಿ ಎದ್ದು ನಿಂತು ಮುಚ್ಚಳ ತಿರುಗಿಸಿದರು. ಅವರು ಮೊದಲು ಲೋಟಕ್ಕೆ ಸುರಿಯುತ್ತಾರೆ, ಆಗ ಎಲ್ಲರಿಗೂ ಕಾಣುತ್ತದೆ ಎಂದುಕೊಂಡು ಬಂದಿದ್ದೆ. ಅವರು ನೇರ ನೆಲಕ್ಕೇ ಬಗ್ಗಿಸಿದರು. ತಡೆಯಬಹುದಿತ್ತು. ತಡೆಯಲಿಲ್ಲ.

"ಹಿರಿಯರೇ, ಬನ್ನಿ, ಕುಡೀರಿ. ಓಟೆಂಗ್, ಮಗನೇ, ಬಾ, ನಿನ್ನ ಹೆಂಡ್ತಿ ತಂದಿದಾಳೆ, ಕುಡಿ..."

ಕಪ್ಪು ಎಣ್ಣೆ ಬುಳಕ್ಕೆಂದು ನೆಲಕ್ಕೆ ಬಿತ್ತು. ಅಜ್ಜನ ಬರಿಗಾಲಿನ ಮೇಲೂ ಬಿತ್ತು. ಆಮೇಲೆ ನಾತ ಎದ್ದಿತು. ಕೂತವರು ಒಬ್ಬೊಬ್ಬರಾಗಿ ಮೂಗಿಗೆ ಬಟ್ಟೆ ಹಿಡಿದರು.

"ವಿಷ!" ಎಂದು ಚೀರಿದಳು ಸೆರ್ವಾ. "ನೋಡ್ರೋ, ಹಿರಿಯರಿಗೇ ವಿಷ ಎರೆಸಿದ್ಳು!"

ಅಜ್ಜ ಕದಲಲಿಲ್ಲ. ಬಾಟಲಿಯ ಬಾಯಿಯನ್ನು ಮೂಗಿನ ಹತ್ತಿರ ತಂದರು. ಕಣ್ಣಿಲ್ಲದವರ ಮೂಗು ಚುರುಕು.

"ದಬಾಂಕಾ. ಮಾಂಪಾಂಗ್ ಏರಲ್ಲಿ ಕಾರು ನಿಂತ ದಿನ ನಿನ್ನ ಮೈಯೆಲ್ಲ ಇದೇ ನಾತ ಇತ್ತು. ಏನಿದು?"

ದಬಾಂಕಾ ನೆಲ ನೋಡಿದ. "ಗೇರ್ ಆಯಿಲ್, ಅಜ್ಜಾ."

"ಓಟೆಂಗ್ ಹಾಕಿದ್ದು ಹೀಗಿತ್ತಾ?"

"ಇಲ್ಲ. ಕೆಂಪಗಿತ್ತು."

"ಅದನ್ನ ತೆಗೆದೋರು ಯಾರು? ವಾರ ವಾರ ಹಾಕ್ಬೇಕು ಅಂದ್ಳಲ್ಲ ಇವಳು. ಒಂದು ಸಲನಾದ್ರೂ ಹಾಕಿದ್ಯಾ?"

ಅವನು ಮೈಮೇಲಿದ್ದ ಅದೇ ಅಂಗಿಯ ಅಂಚಿನ ಕಲೆಯನ್ನು ಕೈಯಿಂದ ಮುಚ್ಚಿಕೊಂಡ. ಮಾತಾಡಿದವಳು ನಾನು.

"ನನ್ನ ಗಂಡನ್ನ ಕರೆದದ್ದು ನೀವೇ, ಅಜ್ಜಾ. ಹೆಸರು ಹಿಡಿದು ಕರೆದಿದೀರಿ, ಬಂದಿರ್ತಾರೆ. ಎಣ್ಣೆ ನೋಡೋಕೆ ಅವರಿಗೆ ಕಡ್ಡಿನೂ ಬೇಕಿಲ್ಲ. ಮೂಸಿದ್ರೆ ಸಾಕು, ಯಾರು ಏನು ಮಾಡಿದ್ರು ಅಂತ ಹೇಳ್ತಾರೆ. ಕಾರು ಹಿಡಿದು ನಿಲ್ಲಿಸಿದ್ದು ಅವರೋ ಅಲ್ವೋ, ಈಗ ಇಲ್ಲೇ ಕೇಳಿ."

ಸೆರ್ವಾ ಬಾಯಿ ತೆರೆದಳು, ಅಜ್ಜ ಕೈ ಎತ್ತಿದ್ದು ನೋಡಿ ಮುಚ್ಚಿದಳು. ಅವರ ಕಾಲ ಮೇಲಿಂದ ಎಣ್ಣೆ ಬೆರಳ ಸಂದಿಗೆ ಇಳಿಯುತ್ತಿತ್ತು. ಒರೆಸಲು ಯಾರೂ ಮುಂದೆ ಬರಲಿಲ್ಲ. ಅಜ್ಜ ಬಾಟಲಿ ಕೆಳಗಿಟ್ಟು ಕೇಳಿದರು.

"ಇನ್ನೇನು ಬೇಕಮ್ಮಾ ನಿನಗೆ? ಕಾರು ರಿಪೇರಿ ಮಾಡಿಸೋ ಶಕ್ತಿ ಈ ಕುಲಕ್ಕಿಲ್ಲ."

"ಕಾರು ಸತ್ತಿದೆ. ನನ್ನ ಗಂಡನ ಅಂಗಿ ಕೊಡಿಸಿ."

ದಬಾಂಕಾ ಅಮ್ಮನ ಮುಖ ನೋಡಿದ. ಅಜ್ಜ ಕೋಲಿನಿಂದ ನೆಲ ಕುಟ್ಟಿದರು. ಅವನು ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದು, ಕಂಕುಳಲ್ಲಿ ತೂತು ಬಿದ್ದ ಬನಿಯನ್ನಿನಲ್ಲಿ ಎಲ್ಲರ ಮುಂದೆ ನಿಂತ. ಹೆಂಡ್ತೀ ಎನ್ನಲಿಲ್ಲ. "ತಗೊಳ್ಳಿ ಅತ್ತೆ," ಅಂದ.

ಮನೆಗೆ ಬಂದು, ಒಲೆಯ ಮುಂದೆ ನಿಂತ ಸತ್ತ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡೆ. ಅಂಗಿಯನ್ನು ಮಡಿಲಲ್ಲಿ ಬಿಚ್ಚಿ ಹರಡಿದೆ. ಓಟೆಂಗ್ ಅದನ್ನು ಹಾಕಿಕೊಂಡು ಬಂದಾಗ ಕೊರಳ ಹತ್ತಿರ ಹಿಟ್ಟಿನದೂ ಬೆವರಿನದೂ ಒಂದು ವಾಸನೆ ಇರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಮುಖ ಒತ್ತಿದೆ. ದಬಾಂಕಾನ ಅಗ್ಗದ ಸೆಂಟು, ಬೆವರು, ಅದರ ಕೆಳಗೆ ಆ ಸುಟ್ಟ ನಾತ. ಆದರೂ ಮುಖ ತೆಗೆಯಲಿಲ್ಲ. ಅದರಾಚೆ ಎಲ್ಲಾದರೂ ಓಟೆಂಗ್ ಉಳಿದಿದ್ದಾನೇನೋ ಎಂದು ಇನ್ನಷ್ಟು ಆಳಕ್ಕೆ ಮೂಸಿದೆ.